ನಮ್ಮ ಹಳ್ಳಕ್ಕೆ ಮಳೆ ಬೀಳುವುದು ಕುಂದಗೋಳದಲ್ಲಿ: ಗದಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ರೋಣ ತಾಲ್ಲೂಕಿನ ರೈತ. ಬೆಣ್ಣಿಹಳ್ಳದ ದಂಡೆಗೆ ನಾಲ್ಕು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ ಇದೆ. ಇವತ್ತು ಬೆಳಿಗ್ಗೆ ಮೊಬೈಲಿಗೆ ಮತ್ತೆ ಅದೇ ಸಂದೇಶ ಬಂತು. ಗದಗ ಜಿಲ್ಲೆಗೆ ಯೆಲ್ಲೋ ಅಲರ್ಟ್, ಗುಡುಗು ಸಹಿತ ಭಾರಿ ಮಳೆ ಸಾಧ್ಯತೆ. ಹೊರಗೆ ಬಂದು ನೋಡಿದರೆ ತಲೆ ಮೇಲೆ ಚುರುಚುರು ಬಿಸಿಲು, ಪಡುವಣಕ್ಕೆ ಮಾತ್ರ ಕಪ್ಪು ಮೋಡ. ನಮಗೆ ಹೆದರಿಕೆ ಇರುವುದು ಆ ಪಡುವಣದ ಕಪ್ಪಿನದೇ.

ಬೆಣ್ಣಿಹಳ್ಳ ಹುಟ್ಟುವುದು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ. ಧಾರವಾಡ ಜಿಲ್ಲೆಯ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕು ದಾಟಿ, ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು ನಮ್ಮ ಕಡೆ ಬರುತ್ತದೆ. ಮೆಣಸಗಿ ಹತ್ತಿರ ಮಲಪ್ರಭೆ ಸೇರುತ್ತದೆ. ಹೆಸರು ನೋಡಿದರೆ ಬೆಣ್ಣೆ, ತುಪ್ಪ. ಗುಣ ಮಾತ್ರ ಬೇರೆ. ಬೇಸಿಗೆಯಲ್ಲಿ ದಾಟಿದರೆ ಚಪ್ಪಲಿ ಕೂಡ ನೆನೆಯುವುದಿಲ್ಲ, ಮಳೆಗಾಲದಲ್ಲಿ ಒಮ್ಮೆಲೇ ಉಕ್ಕಿ ಬರುತ್ತದೆ. ಮಲಪ್ರಭೆಗಾದರೆ ನವಿಲುತೀರ್ಥದಲ್ಲಿ ಡ್ಯಾಮ್ ಇದೆ, ನೀರು ಬಿಡುವ ಮುಂಚೆ ಡಂಗುರ ಆದರೂ ಹೊಡೆಸುತ್ತಾರೆ. ನಮ್ಮ ಹಳ್ಳಕ್ಕೆ ಗೇಟೂ ಇಲ್ಲ, ಹೇಳುವವರೂ ಇಲ್ಲ.

ಒಂದು ವರ್ಷ ಹೆಸರುಕಾಳು ಬಿಡಿಸಿ, ಹೊಲದಲ್ಲೇ ರಾಶಿ ಹಾಕಿ ತಾಡಪಾಲು ಮುಚ್ಚಿದ್ದೆವು. ಊರಲ್ಲಿ ಒಂದು ಹನಿ ಬಿದ್ದಿರಲಿಲ್ಲ, ಆಕಾಶದಲ್ಲಿ ಚಿಕ್ಕಿ ಕಾಣುತ್ತಿದ್ದವು. ಬೆಳಗಿನ ಜಾವ ಪಕ್ಕದ ಹೊಲದವನು ಕೂಗಿಕೊಂಡ. ಬ್ಯಾಟರಿ ಬಿಟ್ಟು ನೋಡಿದರೆ ಮೊದಲು ನೊರೆ. ಅದರ ಹಿಂದೆ ಜಾಲಿ ಟೊಂಗೆ, ಯಾರದ್ದೋ ಮಗುವಿನ ಒಂಟಿ ಚಪ್ಪಲಿ, ಗೋವಿನಜೋಳದ ಹಸಿ ದಂಟು. ಆ ವರ್ಷ ನಮ್ಮ ಸುತ್ತ ಯಾರೂ ಗೋವಿನಜೋಳ ಹಾಕಿರಲಿಲ್ಲ. ಮಳೆ ಎಲ್ಲಿ ಆಗಿದೆ ಅಂತ ಆ ದಂಟೇ ಹೇಳಿತು. ಎರಡು ಚೀಲ ಎಳೆಯುವಷ್ಟರಲ್ಲಿ ತಾಡಪಾಲು ಹೊಟ್ಟೆ ಉಬ್ಬಿಸಿಕೊಂಡು ತೇಲಿ ಹೋಯಿತು. 2009, 2019ರ ದೊಡ್ಡ ನೆರೆ ಎಲ್ಲರಿಗೂ ನೆನಪಿದೆ. ಇಂಥ ಸಣ್ಣ ರಾತ್ರಿಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ, ಅಲ್ವಾ?

ಹವಾಮಾನ ಇಲಾಖೆಯನ್ನು ಸುಮ್ನೆ ಬೈಯುವವನು ನಾನಲ್ಲ. ಅವರ ಲೆಕ್ಕದಲ್ಲಿ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ. ಆದರೆ ಅದಕ್ಕಿಂತ ಕಡಿಮೆ ಮಳೆಯೇ ಒಂದು ತಾಸಿನಲ್ಲಿ ಸುರಿದರೆ ಎರಿ ಭೂಮಿ ಕುಡಿಯುವುದಿಲ್ಲ. ಎಲ್ಲ ಹಳ್ಳಕ್ಕೇ ಇಳಿಯುತ್ತದೆ. ಮೂರು ತಾಸಿನ ಮುನ್ಸೂಚನೆಯೂ ಬರುತ್ತದೆ, ಅದೂ ಜಿಲ್ಲೆಯ ಹೆಸರಲ್ಲೇ. ಧಾರವಾಡ ಎಲ್ಲಿ ಮುಗಿಯಿತು, ಗದಗ ಎಲ್ಲಿ ಶುರುವಾಯಿತು ಅಂತ ಹಳ್ಳಕ್ಕೇನು ಗೊತ್ತು?

ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳಿವೆ. 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅಂದರೆ ಕುಂದಗೋಳದಲ್ಲಿ ಜೋರು ಮಳೆ ಬಿದ್ದ ಸುದ್ದಿ ನೀರಿಗಿಂತ ಎಷ್ಟೋ ಮುಂಚೆ ಬೆಂಗಳೂರು ಮುಟ್ಟಿರುತ್ತದೆ. ನೀರು ನಮ್ಮಲ್ಲಿಗೆ ಬರಲು ತಾಸುಗಟ್ಟಲೆ ಬೇಕು. ಅಷ್ಟರೊಳಗೆ ನಮ್ಮ ಪಿಡಿಒಗೆ ಒಂದು ಫೋನ್ ಬರಲಿ. ಹಾವೇರಿ, ಧಾರವಾಡ, ಗದಗ ಮೂರೂ ಕಂಟ್ರೋಲ್ ರೂಮಿಗೆ ಒಂದೇ ವಾಟ್ಸಾಪ್ ಗುಂಪು ಮಾಡಿದರೂ ನಡೆಯುತ್ತದೆ. ರಾತ್ರಿ ಮೊಬೈಲ್ ನೋಡುವವರು ಯಾರು? ಗುಡಿ, ಮಸೀದಿ ಮೈಕಿನಲ್ಲಿ ಕೂಗಿಸಿ. ದನ ಬಿಚ್ಚಲು, ಪಂಪ್‌ಸೆಟ್ ಎತ್ತಲು ನಮಗೆ ಎರಡು ತಾಸು ಸಿಕ್ಕರೆ ಸಾಕು.

ಇನ್ನೊಂದು ಮಾತು. ನಿಮ್ಮ ಅಲರ್ಟಿನ ಹಳದಿ, ಕೇಸರಿ, ಕೆಂಪು ಬಣ್ಣವನ್ನು ಯಾವಗಲ್ ಸೇತುವೆಯ ಕಂಬಕ್ಕೂ ಬಳಿಸಿ. ನೀರು ಯಾವ ಬಣ್ಣ ಮುಟ್ಟಿದೆ ಅಂತ ದನ ಕಾಯುವ ಹುಡುಗನೂ ಹೇಳುತ್ತಾನೆ. ಹೆಸರುಕಾಳು ಬಿಡಿಸಲು ಇನ್ನು ಹದಿನೈದು ದಿನ ಇದೆ. ನೀವು ಅಳತೆ ಹಾಕಲು ಒಬ್ಬ ಎಂಜಿನಿಯರ್ ಕಳಿಸಿ, ಬಣ್ಣದ ಡಬ್ಬಿ ನಾನೇ ತರುತ್ತೇನೆ.

ಇಂತಿ,
ಬೆಣ್ಣಿಹಳ್ಳದ ದಂಡೆಯ ಒಬ್ಬ ರೈತ