ಮಗಳಿಗೊಂದು ಪತ್ರ: 40 ನಿಮಿಷದ ಇಂಗ್ಲಿಷ್ ಪೀರಿಯಡ್ಡು

ಚಿ. ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿ, ಶಾಲೆ ಆರಿಸುವ ಕೌನ್ಸೆಲಿಂಗ್‌ನಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು ತೆಗೆದುಕೊಂಡೆ ಅಂದೆಯಲ್ಲ, ಆಗಿನಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಬಿ.ಎಡ್.ನಲ್ಲಿ ಕಲಿಸಿದ್ದು ಸುಳ್ಳೇನಲ್ಲ. ಆದರೆ ಅಲ್ಲಿ ಒಂದು ಪಾಠಕ್ಕೆ ಒಂದು ವಾರದ ತಯಾರಿ, ಬಣ್ಣದ ಚಾರ್ಟು, ಹಿಂದಿನ ಬೆಂಚಿನಲ್ಲಿ ಅಂಕ ಹಾಕುವವರು. ಇನ್ನು ಮೇಲೆ ನಿನಗಿರುವುದು ಎಂಟು, ಒಂಬತ್ತು, ಹತ್ತು. ಒಂದೊಂದರಲ್ಲೂ 50ರ ಆಸುಪಾಸು ಮಕ್ಕಳು, 40 ನಿಮಿಷದ ಪೀರಿಯಡ್ಡು. ಆ 40 ನಿಮಿಷದಲ್ಲಿ ಪ್ರತಿ ಮಗುವಿನ ಬಾಯಿಂದ, ಕೈಯಿಂದ ಎಷ್ಟು ಇಂಗ್ಲಿಷ್ ಹೊರಬಂತು ಅಂತ ದಿನಾ ಸಂಜೆ ಲೆಕ್ಕ ಹಾಕಿಕೋ. ನಾನು ಹೇಳಬೇಕಾದದ್ದೆಲ್ಲ ಈ ಲೆಕ್ಕದ ಸುತ್ತಲೇ ಇದೆ.

ಮೊದಲು ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆ ಎಷ್ಟಿದೆ ಅಂತ ವರ್ಷದ ಆರಂಭದಲ್ಲಿ ನೋಡಿ ಸರಿಪಡಿಸುವುದು. ಜೂನ್‌ನಲ್ಲಿ ಒಂದು ಪ್ರಶ್ನೆಪತ್ರಿಕೆ ಕೊಟ್ಟು, ಅಂಕ ತುಂಬಿ, ಫೈಲಿಗೆ ಸೇರಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಅದನ್ನೂ ಮಾಡು, ಇಲಾಖೆಗೆ ಬೇಕು. ನಿನಗೆ ಬೇಕಾದ ಪರೀಕ್ಷೆ ಮಾತ್ರ ಬೇರೆ. ಒಂದು ರಟ್ಟಿನ ಮೇಲೆ ನಾಲ್ಕು ಹಂತ ಬರೆದುಕೋ: ಕಲೆಸಿದ 10 ಚಿಕ್ಕಕ್ಷರ, ಮೂರಕ್ಷರದ 8 ಪದ, ಐದಾರು ಪದಗಳ 4 ವಾಕ್ಯ, ಕೊನೆಗೆ ಒಂದು ಪುಟ್ಟ ಪ್ಯಾರಾ. ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ಓದಿಸು, ತಡವರಿಸಿದ ಕಡೆ ನಿಲ್ಲಿಸಿ ಹಂತ ಗುರುತು ಹಾಕಿಕೋ. ಒಬ್ಬರಿಗೆ ಎರಡು ನಿಮಿಷವಾದರೆ ಮೂರು ಪೀರಿಯಡ್ಡಿನೊಳಗೆ ಒಂದು ತರಗತಿ ಮುಗಿಯುತ್ತದೆ. ಅಷ್ಟು ಹೊತ್ತು ಉಳಿದವರು ಪುಸ್ತಕದ ಚಿತ್ರವೊಂದನ್ನು ನೋಡಿ ತಮಗೆ ಗೊತ್ತಿರುವ ಇಂಗ್ಲಿಷ್ ಪದಗಳನ್ನೆಲ್ಲ ಬರೆಯಲಿ. ಅಕ್ಷರಗಳನ್ನು ಕಲೆಸಿಯೇ ಕೇಳಬೇಕು. ಎ ಯಿಂದ ಝಡ್ ವರೆಗೆ ಹಾಡಿನ ಹಾಗೆ ಒಪ್ಪಿಸುವ ಮಗು ಚಿಕ್ಕಕ್ಷರದ ಬಿ, ಡಿ, ಪಿ, ಕ್ಯೂ ಮುಂದೆ ನಿಂತುಬಿಡುತ್ತದೆ.

ಹತ್ತನೇ ತರಗತಿಯಲ್ಲೂ ಮೊದಲ ಹಂತದವರು ಸಿಗುತ್ತಾರೆ. ಗಾಬರಿಯಾಗಬೇಡ, ಪ್ರಾಥಮಿಕ ಶಾಲೆಯವರನ್ನು ಬೈಯಲೂ ಹೋಗಬೇಡ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಆದರೆ ಮಕ್ಕಳಿಗೆ ಸಿಕ್ಕಿದ್ದು ಬಹುಪಾಲು ಅಕ್ಷರದ ಹೆಸರು, ಅಕ್ಷರದ ಸದ್ದಲ್ಲ. ಕನ್ನಡದಲ್ಲಿ ಕ ಬರೆದರೆ ಕ ಎಂದೇ ಓದುತ್ತೇವೆ, ಹೆಸರೂ ಸದ್ದೂ ಒಂದೇ. ಅದೇ ನಂಬಿಕೆಯಲ್ಲಿ ಮಗು ಇಂಗ್ಲಿಷಿಗೆ ಬಂದು, ‘ಸಿ ಎ ಟಿ ಕ್ಯಾಟ್’ ಅಂತ ಮಂತ್ರದ ಹಾಗೆ ಹೇಳುತ್ತದೆ. ಹೊಸ ಪದ ಕೊಟ್ಟರೆ ಅಕ್ಷರಗಳ ಹೆಸರು ಹೇಳಿ ನಿನ್ನ ಮುಖ ನೋಡುತ್ತದೆ. ಈ ಮಕ್ಕಳಿಗೆ ಮೊದಲು ಆರೇ ಅಕ್ಷರ, ಸದ್ದಿನಿಂದ: ಸ್, ಆ್ಯ, ಟ್, ಇ, ಪ್, ನ್. ಈ ಆರರಲ್ಲೇ ಸಿಟ್, ಪಿನ್, ಟಿನ್, ಟ್ಯಾಪ್, ನ್ಯಾಪ್, ಪ್ಯಾನ್, ಸ್ನ್ಯಾಪ್ ಎಲ್ಲ ಆಗುತ್ತವೆ. ವಾರಕ್ಕೆ ಮೂರು ನಾಲ್ಕು ಹೊಸ ಅಕ್ಷರಕ್ಕಿಂತ ಹೆಚ್ಚು ಬೇಡ. ದಿನಕ್ಕೆ ಎಂಟು ನಿಮಿಷ ಸಾಕು, ಆದರೆ ದಿನಾ ಆಗಬೇಕು. ಸದ್ದು ಹೇಳಿಕೊಡುವಾಗ ‘ಸ’, ‘ಟ’ ಎಂದು ಸ್ವರ ಸೇರಿಸಬೇಡ. ಸೇರಿಸಿದರೆ ಮಗು ‘ಸಇಟ’ ಅಂತ ಕೂಡಿಸುತ್ತದೆ, ಪದ ಕೂಡುವುದೇ ಇಲ್ಲ. ಇಡೀ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ ಕಣೇ.

ಇನ್ನೊಂದು ರೋಗ: ಪುಸ್ತಕದಲ್ಲಿ ಇಂಗ್ಲಿಷ್ ಸಾಲಿನ ನೆತ್ತಿಯ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುವುದು. ಅಲ್ಲಿ ಬರೆದ ಮೇಲೆ ಕಣ್ಣು ಕೆಳಗಿಳಿಯುವುದೇ ಇಲ್ಲ. ವರ್ಷವಿಡೀ ಓದಿದ್ದೆಲ್ಲ ಕನ್ನಡವನ್ನೇ. ಬೇಡ ಎಂದರೆ ಕದ್ದು ಬರೆಯುತ್ತಾರೆ. ಹಾಗಾಗಿ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದುಕೊಳ್ಳಲು ಬಿಡು. ಓದುವಾಗ ಪುಟ ತಿರುಗಿಸಿ ನೋಡುವ ಕಷ್ಟಕ್ಕೆ ಪದ ತಾನಾಗಿ ನೆನಪಿನಲ್ಲಿ ನಿಲ್ಲತೊಡಗುತ್ತದೆ.

ತರಗತಿಯಲ್ಲಿ ಕನ್ನಡ ಆಡಬಹುದೇ ಅಂತ ನೀನು ಕೇಳಿದ್ದೆ. ಧಾರಾಳವಾಗಿ ಆಡು, ಜಾಗ ನೋಡಿ ಆಡು. ಹೊಸ ಆಟದ ನಿಯಮ, ಚಿತ್ರ ತೋರಿಸಲಾಗದ ಪದದ ಅರ್ಥ, ವ್ಯಾಕರಣದಲ್ಲಿ ನಮ್ಮ ವಾಕ್ಯಕ್ಕೂ ಅವರ ವಾಕ್ಯಕ್ಕೂ ಇರುವ ವ್ಯತ್ಯಾಸ, ಇವಕ್ಕೆಲ್ಲ ಕನ್ನಡವೇ ಸರಿ. ಪಾಠವನ್ನು ಸಾಲು ಸಾಲಾಗಿ ಓದಿ, ಸಾಲು ಸಾಲಾಗಿ ಕನ್ನಡಕ್ಕೆ ಇಳಿಸುವುದು ಮಾತ್ರ ಬೇಡ. ಮಕ್ಕಳು ಜಾಣರು, ಎರಡೇ ದಿನದಲ್ಲಿ ಇಂಗ್ಲಿಷ್ ಬಂದಾಗ ಕಿವಿ ಮುಚ್ಚಿ ಕನ್ನಡಕ್ಕೆ ಕಾಯಲು ಕಲಿಯುತ್ತಾರೆ. ನಿನ್ನ ಕಡೆ ತಾಂಡಾದ ಮಕ್ಕಳ ಮನೆಮಾತು ಲಂಬಾಣಿ, ಇನ್ನು ಕೆಲವರದು ಉರ್ದು, ತೆಲುಗು. ನೀನು ಕನ್ನಡದಲ್ಲಿ ಹೇಳಿದ್ದು ಅವರಿಗೆ ಇನ್ನೊಂದು ಅನುವಾದ. ಅಲ್ಲಿ ಅಭಿನಯ, ಚಿತ್ರ, ಕೈಗೆ ಸಿಗುವ ವಸ್ತು ಹೆಚ್ಚು ಕೆಲಸ ಮಾಡುತ್ತವೆ. ದಿನಬಳಕೆಯ ಸೂಚನೆಗಳು ಮಾತ್ರ ಇಂಗ್ಲಿಷಿನಲ್ಲೇ ಇರಲಿ: ಪುಸ್ತಕ ತೆಗಿ, ಜೋಡಿಯಾಗಿ ಮಾಡಿ, ಇನ್ನೊಮ್ಮೆ ಹೇಳು, ಬೋರ್ಡ್ ನೋಡು. ಇಂಥ 20 ವಾಕ್ಯ ಆರಿಸಿ ಗೋಡೆಗೆ ಅಂಟಿಸು, ವರ್ಷಪೂರ್ತಿ ಮಾತು ಬದಲಿಸದೆ ಅವನ್ನೇ ಬಳಸು. ‘ಅಂಡರ್‌ಸ್ಟ್ಯಾಂಡ್?’ ಅಂತ ಮಾತ್ರ ಕೇಳಲೇಬೇಡ. 50 ಬಾಯಿಂದ ‘ಯೆಸ್ ಮಿಸ್’ ಬರುತ್ತದೆ, ಅದರಿಂದ ನಿನಗೆ ತಿಳಿಯುವುದು ಏನೂ ಇಲ್ಲ. ‘ಮೊದಲು ಏನು ಮಾಡ್ತೀಯಾ, ಹೇಳು’ ಅಂತ ಒಬ್ಬರನ್ನು ಕೇಳು.

ಓದಿಸುವ ರೀತಿಗೆ ಬರೋಣ. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದರೆ ಇಡೀ ಪೀರಿಯಡ್ಡಿನಲ್ಲಿ ಒಂದು ಮಗುವಿಗೆ ಒಂದು ನಿಮಿಷವೂ ಬೀಳುವುದಿಲ್ಲ. ಎಲ್ಲರೂ ಕೂಡಿ ಓದಿದರೆ ಮುಂದಿನ ಎರಡು ಬೆಂಚು ಓದುತ್ತದೆ, ಹಿಂದಿನವರು ಬಾಯಿ ಆಡಿಸುತ್ತಾರೆ. ಜೋಡಿ ಓದು ಮಾಡಿಸು: ಒಬ್ಬಳು ಎರಡು ನಿಮಿಷ ಓದಲಿ, ಪಕ್ಕದವಳು ಬೆರಳಿಟ್ಟು ಅನುಸರಿಸಲಿ, ಆಮೇಲೆ ಅದಲುಬದಲು. ನಾಲ್ಕು ನಿಮಿಷದಲ್ಲಿ 50 ಮಕ್ಕಳೂ ಎರಡೆರಡು ನಿಮಿಷ ಓದಿದಂತಾಯಿತು. ಮೂರನೇ ಹಂತದವರನ್ನು ಎರಡನೇ ಹಂತದವರ ಜೊತೆ ಕೂರಿಸು. ತೀರಾ ಮುಂದಿದ್ದವರನ್ನು ತೀರಾ ಹಿಂದಿದ್ದವರ ಜೊತೆ ಹಾಕಿದರೆ ಎಲ್ಲವನ್ನೂ ಒಬ್ಬರೇ ಓದಿಬಿಡುತ್ತಾರೆ. ಗದ್ದಲವಾಗುತ್ತದೆ, ಹೆಡ್‌ಮಾಸ್ಟರಿಗೂ ಪಕ್ಕದ ಕೋಣೆಯ ಗಣಿತದ ಮೇಷ್ಟ್ರಿಗೂ ಮೊದಲೇ ಹೇಳಿಡು. ನಿಲ್ಲಿಸಲು ಕೂಗಬೇಡ, ಮೂರು ಚಪ್ಪಾಳೆಯೇ ಸಂಕೇತವಾಗಿರಲಿ. ದಿನಕ್ಕೆ ಐದಾರು ಪೀರಿಯಡ್ ಕೂಗಿದರೆ ದಸರೆ ರಜೆಯ ಹೊತ್ತಿಗೆ ಗಂಟಲು ಹೋಗಿರುತ್ತದೆ.

ಮಾತಾಡಿಸುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ದಾರಿ ‘ಬೆಂಗಳೂರು ಪ್ರಾಜೆಕ್ಟ್’ ಅಂತ ನಮ್ಮ ಬೆಂಗಳೂರಿನ ಹೆಸರಿನಲ್ಲೇ ಜಗತ್ತಿಗೆ ಗೊತ್ತು. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸಿನ ಸಾಮಾನ್ಯ ಶಾಲೆಗಳಲ್ಲಿ, ಹೀಗೆಯೇ ತುಂಬಿದ ತರಗತಿಗಳಲ್ಲಿ ಮಾಡಿ ತೋರಿಸಿದ್ದು. ವ್ಯಾಕರಣ ಹೇಳಿಕೊಡದೆ, ಬಿಡಿಸಬೇಕಾದ ಸಣ್ಣ ಸಮಸ್ಯೆಗಳನ್ನು ಕೊಡುತ್ತಿದ್ದರು: ನಕ್ಷೆ, ರೈಲಿನ ವೇಳಾಪಟ್ಟಿ, ಇಂಥವು. ನಿನಗೆ ಬಸ್ಸು ಸಾಕು. ಬೋರ್ಡಿನ ಮೇಲೆ ದೇವದುರ್ಗದಿಂದ ರಾಯಚೂರಿಗೆ ಮೂರು ಬಸ್ಸು ಬರೆ: ಎ 6.30ಕ್ಕೆ ಬಿಟ್ಟು 8.15ಕ್ಕೆ, ಬಿ 8.00ಕ್ಕೆ ಬಿಟ್ಟು 9.30ಕ್ಕೆ, ಸಿ 9.15ಕ್ಕೆ ಬಿಟ್ಟು 11.00ಕ್ಕೆ. ಮೊದಲ ಹತ್ತು ನಿಮಿಷ ಇಡೀ ತರಗತಿಯ ಜೊತೆ ಬಾಯಲ್ಲೇ, ಇಂಗ್ಲಿಷಿನಲ್ಲೇ ಕೇಳು: ಎ ಬಸ್ಸು ಎಷ್ಟಕ್ಕೆ ಬಿಡುತ್ತದೆ, ಯಾವುದಕ್ಕೆ ದಾರಿಯಲ್ಲಿ ಕಡಿಮೆ ಹೊತ್ತು ಹಿಡಿಯುತ್ತದೆ, ಯಾಕೆ. ‘ಬಿ’ ಅಂತ ಒಂದೇ ಅಕ್ಷರದ ಉತ್ತರ ಬಂದರೂ ತೆಗೆದುಕೋ, ಅದನ್ನೇ ಪೂರ್ತಿ ವಾಕ್ಯವಾಗಿಸಿ ನೀನು ಹೇಳು, ಅವರಿಂದ ಮತ್ತೆ ಹೇಳಿಸಬೇಡ. ಆಮೇಲೆ ಒಬ್ಬೊಬ್ಬರೇ ಬಿಡಿಸಲು ಕೊಡು: ಅಜ್ಜಿ 10 ಗಂಟೆಗೆ ಆಸ್ಪತ್ರೆಯಲ್ಲಿರಬೇಕು, ನಿಲ್ದಾಣದಿಂದ 20 ನಿಮಿಷ ನಡಿಗೆ, ಹತ್ತಬಹುದಾದ ಕೊನೆಯ ಬಸ್ಸು ಯಾವುದು? ಲೆಕ್ಕದ ಮೇಲೆ ಗಮನವಿರುವುದರಿಂದ ಇಂಗ್ಲಿಷಿನ ಭಯ ಮರೆತಿರುತ್ತದೆ. ಕಷ್ಟ ಎಷ್ಟಿರಬೇಕು ಎನ್ನುವುದಕ್ಕೆ ಪ್ರಭು ಅವರ ಅಳತೆ ಸರಳ: ಅರ್ಧ ತರಗತಿಗಾದರೂ ಅರ್ಧದಷ್ಟಾದರೂ ಬಿಡಿಸಲು ಬಂದರೆ ಸರಿಯಾಗಿದೆ. ಮಕ್ಕಳು ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಿಸುತ್ತಾರೆ ಅಂತ ಅವರು ಗುಂಪು ಕೆಲಸ ಮಾಡಿಸುತ್ತಿರಲಿಲ್ಲ. ಇದೊಂದನ್ನು ನಾನು ಒಪ್ಪುವುದಿಲ್ಲ. ಬಾಯಿ ಬಿಡದವರಿಗೆ ತಪ್ಪು ಇಂಗ್ಲಿಷೂ ಲಾಭವೇ.

ವ್ಯಾಕರಣವನ್ನು ಪೂರ್ತಿ ಬಿಡಲೂ ಆಗುವುದಿಲ್ಲ. ನಮ್ಮ ಮಕ್ಕಳ ತಪ್ಪುಗಳಿಗೆ ಕಾರಣ ಗೊತ್ತಿದ್ದರೆ ಅರ್ಧ ಕೆಲಸ ಹಗುರ. ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳ ಜಾಗ ಬದಲಿಸಬೇಕಿಲ್ಲ. ಅದಕ್ಕೇ ‘ವೇರ್ ಯೂ ಆರ್ ಗೋಯಿಂಗ್’ ಬರುತ್ತದೆ. ‘ಡಸ್’ ಕಲಿಸಿದ ಮೇಲೆ ‘ಡಸ್ ಶೀ ಗೋಸ್’ ಬರುತ್ತದೆ. ಎಸ್ ಒಂದೇ ಕಡೆ ಇರಬೇಕು ಅನ್ನುವುದು ಹೇಳಿದರೆ ಹತ್ತುವುದಿಲ್ಲ, ಬಾಯಿಗೆ ರೂಢಿಯಾಗಬೇಕು. ಬೋರ್ಡಿನ ಮೇಲೆ ನಾಲ್ಕು ಕಂಬಸಾಲು ಹಾಕು: ‘ಡಸ್’, ಆಮೇಲೆ ನಾಲ್ಕು ಕರ್ತೃ, ಗೋ, ವಾಕ್, ರನ್, ಸೈಕಲ್, ಕೊನೆಗೆ ಶಾಲೆಗೆ, ಹೊಲಕ್ಕೆ, ಸಂತೆಗೆ. 48 ಪ್ರಶ್ನೆಗಳು ಆಗುತ್ತವೆ. ಜೋಡಿಯಲ್ಲಿ ಐದು ನಿಮಿಷ ಕೇಳಿಕೊಳ್ಳಲಿ, ಆಮೇಲೆ ಒಂದೊಂದೇ ಕಂಬಸಾಲು ಒರೆಸುತ್ತಾ ಹೋಗು. ಉಚ್ಚಾರದಲ್ಲಿ ‘ಇಸ್ಕೂಲ್’ ಅಂದರೆ ನಗಬೇಡ, ವಿ–ಡಬ್ಲ್ಯೂ ವ್ಯತ್ಯಾಸಕ್ಕೂ ತಲೆಕೆಡಿಸಿಕೊಳ್ಳಬೇಡ. ಯಾರಿಗೂ ಅರ್ಥ ತಪ್ಪುವುದಿಲ್ಲ. ‘ವಾಕೆಡ್’, ‘ಲುಕೆಡ್’ ಮಾತ್ರ ತಿದ್ದು. ಪದದ ತುದಿಯ ಸದ್ದು ಕಿವಿಗೆ ಬೀಳದಿದ್ದರೆ ಬರವಣಿಗೆಯಲ್ಲೂ ಭೂತಕಾಲ ಉದುರಿ ಹೋಗುತ್ತದೆ.

ನೋಟ್‌ಬುಕ್ ತಿದ್ದುವ ಲೆಕ್ಕ ಕೇಳು. 150 ಪುಸ್ತಕ, ಒಂದಕ್ಕೆ ಮೂರು ನಿಮಿಷ, ಒಟ್ಟು ಏಳೂವರೆ ಗಂಟೆ. ಒಂದೇ ಸಲ ಒಟ್ಟುಮಾಡಿದರೆ ಮನೆಗೆ ಹೊತ್ತು ತಂದು, ಕಣ್ಣು ಮುಚ್ಚಿ ಸರಿ ಗುರುತು ಎಳೆಯುವ ಕೆಲಸವಾಗುತ್ತದೆ. ಪ್ರತಿ ತರಗತಿಯಿಂದ ದಿನಕ್ಕೆ 10 ತೆಗೆದುಕೋ, ವಾರದಲ್ಲಿ ಎಲ್ಲರದೂ ಒಂದು ಸುತ್ತು ಬರುತ್ತದೆ. ಆ ವಾರ ಕಲಿಸಿದ ಒಂದೇ ಬಗೆಯ ತಪ್ಪಿಗೆ ಗೆರೆ ಎಳೆ, ತಿದ್ದುವುದು ಮಗುವಿನ ಕೆಲಸ. ಪುಟವೆಲ್ಲ ಕೆಂಪಾದರೆ ಮಗು ಅಂಕ ನೋಡಿ ಮುಚ್ಚಿಡುತ್ತದೆ, ಅಷ್ಟೇ. ಬೋರ್ಡಿನಿಂದ ಇಳಿಸಿಕೊಂಡ ಪ್ರಶ್ನೋತ್ತರಕ್ಕೆ ಸಹಿ ಸಾಕು, ಅದರಲ್ಲಿ ತಿದ್ದಲು ಇರುವುದು ನಿನ್ನದೇ ಬರಹ.

ಹತ್ತನೇ ತರಗತಿಯ ಇಂಗ್ಲಿಷಿಗೆ 80 ಅಂಕ ಲಿಖಿತ, 20 ಆಂತರಿಕ. ಡಿಸೆಂಬರ್ ಬಂತೆಂದರೆ ‘ಪಾಸಿಂಗ್ ಪ್ಯಾಕೇಜ್’ ಮಾಡಿ, ಅಂದರೆ ಪಾಸಾಗುವಷ್ಟು ಪ್ರಶ್ನೋತ್ತರ ಬಾಯಿಪಾಠ ಮಾಡಿಸಿ ಅಂತ ಒತ್ತಡ ಬರುತ್ತದೆ. ಮೊದಲ ಹಂತದ ಮಕ್ಕಳಿಗೆ ಅದು ಬೇಕೇ ಬೇಕು, ಆದರ್ಶ ಹೇಳಿಕೊಂಡು ಕೂರಬೇಡ. ಆದರೆ ಬಾಯಿಪಾಠ ಎಲ್ಲಿ ಕೈಕೊಡುತ್ತದೆ ಅಂತ ತಿಳಿದಿರು. ಪತ್ರದ ಪ್ರಶ್ನೆಯಲ್ಲಿ ನೀನು ಇಂಥವಳು, ಇಂಥ ಊರಿನ ಶಾಲೆಯವಳು ಅಂದುಕೋ ಎಂದಿರುತ್ತದೆ. ಮಗು ಉರುಹೊಡೆದ ಹೆಸರು, ವಿಳಾಸ ಹಾಗೇ ಬರೆಯುತ್ತದೆ. ಪ್ರೊಫೈಲ್‌ನಲ್ಲಿ, ಅಂದರೆ ಕೊಟ್ಟ ವಿವರದಿಂದ ಒಬ್ಬರ ಪರಿಚಯ ಬರೆಯುವ ಪ್ರಶ್ನೆಯಲ್ಲಿ, ಹುಡುಗನ ಮಾದರಿ ಕಲಿತವರು ಹುಡುಗಿಯ ವಿವರ ಕೊಟ್ಟರೂ ‘ಹಿಸ್’ ಅನ್ನುತ್ತಾರೆ. ಹಾಗಾಗಿ ಒಂದು ಮಾದರಿ ಕೊಟ್ಟ ಮೇಲೆ ಹೆಸರು, ಊರು, ವಿಷಯ ಬದಲಿಸಿ ಐದು ಸಲ ಬರೆಸು. ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಏನು ಮಾಡಬೇಕು ಎನ್ನುವುದನ್ನೂ ತರಬೇತಿ ಮಾಡಿಸು: ಅಪರಿಚಿತ ಗದ್ಯದ ಪ್ರಶ್ನೆಗಳನ್ನು ಮೊದಲು, ಗದ್ಯವನ್ನು ಆಮೇಲೆ ಓದಬೇಕು. ಸುಲಭದ ಅಂಕ ಅಲ್ಲಿದೆ.

ಹಾಜರಾತಿ ಏರುಪೇರಾಗುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ಬೆಂಚು ಖಾಲಿ, ಆಮೇಲೆ ಅಪ್ಪ ಅವ್ವ ಗುಳೆ ಹೋದರೆ ಕೆಲವರು ಅವರ ಜೊತೆಗೇ ಹೊರಡುತ್ತಾರೆ. ನಿನ್ನೆಯ ಪಾಠದ ಮೇಲೆ ನಿಲ್ಲುವ ಇಂದಿನ ಪಾಠ ಅಲ್ಲಿ ನಡೆಯುವುದಿಲ್ಲ; ಒಂದೊಂದು ಪೀರಿಯಡ್ಡೂ ತನ್ನಷ್ಟಕ್ಕೆ ಪೂರ್ತಿಯಾಗಿರಲಿ. ಮರಳಿ ಬಂದವರಿಗೆ ರಟ್ಟಿನ ಪರೀಕ್ಷೆ ಇನ್ನೊಮ್ಮೆ ಮಾಡು.

ಕಾಗದದ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವರ್ಷದಲ್ಲಿ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ), ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ನಮೂದು, ಪಾಠಯೋಜನೆ, ನಡುವೆ ಚುನಾವಣೆಯೋ ಗಣತಿಯೋ. ಎಫ್‌ಎ ಚಟುವಟಿಕೆಯನ್ನು ಬೇರೆಯಾಗಿ ಹುಟ್ಟುಹಾಕಬೇಡ. ಜೋಡಿ ಓದು, ಬಸ್ಸಿನ ಲೆಕ್ಕ ಇವನ್ನೇ ಅಂಕಕ್ಕೆ ಇಟ್ಟುಕೋ, ಅಂದಂದೇ ಗುರುತು ಹಾಕು. ವೇಳಾಪಟ್ಟಿ ಹಾಕುವ ದಿನ ಶಾಲೆಯಲ್ಲೇ ಇರು, ಊಟದ ನಂತರದ ಪೀರಿಯಡ್ಡು ಎಂಟನೆಯವರಿಗೆ ಬೇಡ ಅಂತ ಕೇಳಿಕೋ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ, ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನದ ತರಬೇತಿಗೆ ಪಟ್ಟಿಯಲ್ಲಿ ಹೆಸರು ಬಂದರೆ ತಪ್ಪಿಸಿಕೊಳ್ಳಬೇಡ. ಅಷ್ಟು ದಿನ ನಿನ್ನದೇ ಇಂಗ್ಲಿಷಿಗೆ ಯಾರಾದರೂ ಕಿವಿಗೊಡುವ ಅವಕಾಶ ಈ ಕೆಲಸದಲ್ಲಿ ಬೇರೆಲ್ಲೂ ಇಲ್ಲ.

ರಟ್ಟು, ಮಾರ್ಕರ್, ನಾಲ್ಕು ಗೆರೆಯ ಪುಸ್ತಕಗಳನ್ನು ಇಲ್ಲಿಂದಲೇ ಪಾರ್ಸೆಲ್ ಮಾಡುತ್ತೇನೆ. ಮೂರೂ ತರಗತಿಯ ಸಂಖ್ಯೆ ಎಷ್ಟು ಅಂತ ಸೋಮವಾರ ಹಾಜರಾತಿ ನೋಡಿ ಫೋನ್ ಮಾಡು.

ನಿನ್ನ
ಅಮ್ಮ