ಹಿಮಗಾಳಿಯ ಸಂಗೀತ

ಮಾನ್ಯ ಸಂಪಾದಕರೇ,

ಸಿನಿಮಾ ಸಂಗೀತ ಅಂದ ತಕ್ಷಣ ನಮಗೆ ಹಾಡೇ ನೆನಪಾಗುತ್ತದೆ, ಅಲ್ವಾ? ಬ್ರಿಟನ್ನಿನ ರಾಲ್ಫ್ ವಾನ್ ವಿಲಿಯಮ್ಸ್ ದಕ್ಷಿಣ ಧ್ರುವಕ್ಕೆ ಹೊರಟ ಸಾಹಸಿ ಸ್ಕಾಟ್ ಕಥೆಯ ‘ಸ್ಕಾಟ್ ಆಫ್ ದಿ ಅಂಟಾರ್ಕ್ಟಿಕ್’ ಚಿತ್ರಕ್ಕೆ ಕೊಟ್ಟ ಸಂಗೀತವನ್ನೊಮ್ಮೆ ಕೇಳಿ. ಹಿಮಗಾಳಿ ಬೇಕೆಂದು ವಾದ್ಯಗಳ ಜೊತೆ ಗಾಳಿಯ ಸದ್ದು ಮಾಡುವ ಯಂತ್ರವನ್ನೇ ಸೇರಿಸಿದರು. ಅದರ ಮೇಲೆ ಹೆಣ್ಣುದನಿಗಳು, ಒಂದು ಪದವೂ ಇಲ್ಲದೆ. ರಾತ್ರಿ ದೀಪ ಆರಿಸಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. 1948ರಲ್ಲಿ ಚಿತ್ರ ಬಂದಾಗ ಅವರಿಗೆ 76 ವರ್ಷ! ಆಮೇಲೆ ಇದನ್ನೇ ಬೆಳೆಸಿ ತಮ್ಮ ಏಳನೇ ಸಿಂಫನಿ (ದೊಡ್ಡ ವಾದ್ಯವೃಂದಕ್ಕಾಗಿ ಬರೆಯುವ ದೀರ್ಘ ಕೃತಿ) ಬರೆದರು.

ಬಿಬಿಸಿ ಫಿಲ್‌ಹಾರ್ಮೋನಿಕ್ ವಾದ್ಯವೃಂದ ರುಮನ್ ಗಂಬಾ ನಿರ್ದೇಶನದಲ್ಲಿ ಈ ಚಿತ್ರಸಂಗೀತವನ್ನು ಹೊಸದಾಗಿ ನುಡಿಸಿದೆ. ಆ ಧ್ವನಿಮುದ್ರಿಕೆ ಹುಡುಕಿ ಕೇಳಿ. ಹಳೆಯ ಚಿತ್ರದಲ್ಲಿ ಮಾತಿನಡಿ ಮುಚ್ಚಿಹೋದ ವಾದ್ಯಗಳೂ ಇಲ್ಲಿ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ.

– ಒಬ್ಬ ಓದುಗ