‘ಹಪ್ಪಳ–ಕಾಗೆ’ ಆಟದ ನಿಧಿಸಂಗ್ರಹವನ್ನು ಜೂಜೆಂದು ತಡೆಹಿಡಿದಿರುವ ಬಗ್ಗೆ ದೂರು

ಕುಂದುಕೊರತೆ ಅಧಿಕಾರಿಗಳಿಗೆ,

ವಿಷಯ: ಇಬ್ಬರು ಆಡುವ ನಮ್ಮ ಎಲೆಯಾಟದ ಕ್ರೌಡ್‌ಫಂಡಿಂಗ್ ಪುಟವನ್ನು ನಿಲ್ಲಿಸಿರುವುದು ಹಾಗೂ ನಿಂತ ದಿನಗಳನ್ನೂ ಅವಧಿಯಲ್ಲೇ ಎಣಿಸುತ್ತಿರುವುದು.

ಮಾನ್ಯರೇ,

ಶಿರಸಿಯ ಕಡೆಯವರಾದ ನಾನು ಮತ್ತು ನನ್ನ ತಂಗಿ ಎರಡು ವರ್ಷ ಬಿಡುವಿನ ವೇಳೆಯಲ್ಲಿ ಕೂತು ರೂಪಿಸಿದ ‘ಹಪ್ಪಳ–ಕಾಗೆ’ ಎಂಬ ಆಟವನ್ನು ಅಚ್ಚು ಹಾಕಿಸುವ ಸಲುವಾಗಿ ತಮ್ಮ ತಾಣದಲ್ಲಿ 30 ದಿನಗಳ ನಿಧಿಸಂಗ್ರಹ ಆರಂಭಿಸಿದ್ದೆವು. 500 ಪೆಟ್ಟಿಗೆಗಳಿಗೆ ಬೇಕಾದ 2,50,000 ರೂಪಾಯಿ ನಮ್ಮ ಗುರಿ. ಗುರಿ ಮುಟ್ಟದಿದ್ದರೆ ಒಂದು ಪೈಸೆಯೂ ನಮಗೆ ಸೇರದೆ ಎಲ್ಲವೂ ಕೊಟ್ಟವರಿಗೇ ಹಿಂದಿರುಗುತ್ತದೆಂಬ ತಮ್ಮ ಷರತ್ತಿಗೆ ಒಪ್ಪಿಯೇ ಬಂದವರು ನಾವು. ಮೊದಲ ಹನ್ನೊಂದು ದಿನಗಳಲ್ಲಿ 231 ಮಂದಿ 264 ಪೆಟ್ಟಿಗೆಗಳಿಗೆ 1,32,000 ರೂಪಾಯಿ ಕೊಟ್ಟಿದ್ದರು. ಹನ್ನೆರಡನೆಯ ದಿನ ಬೆಳಿಗ್ಗೆ ಪುಟ ತೆರೆದರೆ ಹಣ ಕೊಡುವ ಗುಂಡಿಯೇ ಮಾಯವಾಗಿತ್ತು. ಆಟವು ‘ಜೂಜು, ಪಣ ಅಥವಾ ಹಣದ ಆಟಕ್ಕೆ ಸಂಬಂಧಿಸಿದ್ದು’ ಎಂಬ ಒಂದು ಸಾಲಿನ ಸಂದೇಶ ಮಧ್ಯಾಹ್ನದ ಹೊತ್ತಿಗೆ ಬಂತು.

ಇದೇ ಆಟವನ್ನು ತಮ್ಮ ಸಿಬ್ಬಂದಿ ನಮ್ಮಿಂದ 2,000 ರೂಪಾಯಿ ಪರಿಶೀಲನಾ ಶುಲ್ಕ ಪಡೆದು, ಆರು ದಿನ ನೋಡಿ, ಅನುಮೋದಿಸಿದ್ದರು. ಆಗ ಕಾಣದಿದ್ದ ಜೂಜು ಈಗ ಎಲ್ಲಿಂದ ಬಂತೆಂದು ತಿಳಿಯದ ಕಾರಣ ಆಟವನ್ನು ಮತ್ತೊಮ್ಮೆ ವಿವರಿಸುತ್ತೇನೆ.

ಒಟ್ಟು 54 ಎಲೆಗಳು. ಒಬ್ಬರು ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುವ ಅಜ್ಜಿ, ಇನ್ನೊಬ್ಬರು ಕಾಗೆ. ಎಲೆ ಕಲೆಸಿ ಏಳೇಳು ಹಂಚಿಕೊಂಡ ಮೇಲೆ ಅಜ್ಜಿ ಒಂದೊಂದೇ ಹಪ್ಪಳವನ್ನು ಚಾಪೆಯ ಮೇಲೆ ಹರಡುತ್ತಾಳೆ. ಮೂರು ಸುತ್ತು ಬಿಸಿಲು ಕಂಡ ಹಪ್ಪಳ ಡಬ್ಬಿ ಸೇರುತ್ತದೆ, ಅಷ್ಟರೊಳಗೆ ಕಾಗೆ ಅದನ್ನು ಎಗರಿಸಬೇಕು. ಕಪ್ಪು ಕೊಡೆಯ ಎಲೆ ಬಿದ್ದರೆ ಕಾಗೆ ಒಂದು ಸುತ್ತು ಮರದಲ್ಲೇ ಕೂರಬೇಕಾಗುತ್ತದೆ, ಅಡ್ಡಮಳೆಯ ಎಲೆ ಬಂದರೆ ಇಬ್ಬರಿಗೂ ಲುಕ್ಸಾನು. ಹನ್ನೆರಡು ಹಪ್ಪಳ ಡಬ್ಬಿಗೆ ಬಿದ್ದರೆ ಅಜ್ಜಿ ಗೆದ್ದಂತೆ. ಇದರಲ್ಲಿ ಹಣವಿಲ್ಲ, ಹಣದ ಬದಲಿಗೆ ಇಡುವ ಬಿಲ್ಲೆಯೂ ಇಲ್ಲ. ನಿಯಮಗಳ ಕೊನೆಯಲ್ಲಿ ‘ಸೋತವರು ಕಾಫಿ ಮಾಡತಕ್ಕದ್ದು’ ಎಂದು ತಮಾಷೆಗೆ ಬರೆದಿರುವುದು ನಿಜ. ಪಣವೆಂದು ತಾವು ಭಾವಿಸಿದ್ದು ಇದನ್ನೇ ಆದರೆ ಆ ಸಾಲನ್ನು ಇಂದೇ ತೆಗೆಯುತ್ತೇವೆ. ಆ ಕಾಫಿಯನ್ನು ಗೆದ್ದವರೂ ಸೋತವರೂ ಇಬ್ಬರೂ ಕುಡಿಯುತ್ತಾರೆಂಬುದನ್ನು ಮಾತ್ರ ಗಮನಕ್ಕೆ ತರುತ್ತೇವೆ.

ತಮ್ಮ ಸಹಾಯವಾಣಿಗೆ ಕರೆ ಮಾಡಿದಾಗ ಎತ್ತಿಕೊಂಡವರು ಕೇಳಿದ ಮೊದಲ ಪ್ರಶ್ನೆ, ‘ರಮ್ಮಿ ಥರದ್ದಾ ಸರ್?’ ಎಂಬುದು. ರಮ್ಮಿಯನ್ನೇ ಸುಪ್ರೀಂ ಕೋರ್ಟು 1967ರಲ್ಲಿ ಮುಖ್ಯವಾಗಿ ಕೌಶಲದ ಆಟವೆಂದು ಹೇಳಿದೆ ಎಂಬುದು ಹಾಗಿರಲಿ, ಅವರು ಮುಂದೆ ಉಲ್ಲೇಖಿಸಿದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯು ನಿಷೇಧಿಸಿರುವುದು ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು. ರಟ್ಟಿನ ಪೆಟ್ಟಿಗೆಯಲ್ಲಿ ಅಂಚೆ ಮೂಲಕ ಮನೆಗೆ ಬರುವ, ಜಗಲಿಯ ಮೇಲೆ ಕೂತು ಆಡುವ ಎಲೆಗಳಿಗೂ ಆ ಕಾಯ್ದೆಗೂ ಸಂಬಂಧವಿಲ್ಲ. ಎಲೆ ಕಂಡಲ್ಲೆಲ್ಲ ಜೂಜು ಕಾಣುವುದಾದರೆ, ಹೊಸ ಹೊಸ ಗಂಜೀಫಾ ಎಲೆಯಾಟಗಳನ್ನು ರೂಪಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಪುಟವನ್ನೂ ತಮ್ಮ ಸಂಸ್ಥೆ ಮುಚ್ಚಿಸುತ್ತಿತ್ತೇನೋ.

ತಪ್ಪು ತಿಳಿವಳಿಕೆ ಯಾರಿಗಾದರೂ ಆಗಬಹುದು, ಅದಕ್ಕಾಗಿ ಇಷ್ಟು ದೀರ್ಘ ಪತ್ರ ಬರೆಯುತ್ತಿರಲಿಲ್ಲ. ನಮ್ಮನ್ನು ನಿಜವಾಗಿ ನೋಯಿಸಿರುವುದು ದಿನಗಳ ಲೆಕ್ಕ. ಪುಟ ನಿಂತು ಇಂದಿಗೆ ಎಂಟು ದಿನವಾಯಿತು. ಯಾರೂ ಹಣ ಕೊಡಲಾಗದಿದ್ದರೂ ದಿನಗಳು ಮಾತ್ರ ಉರುಳುತ್ತಲೇ ಇದ್ದು, ಇಂದು ಸಂಜೆ ಅಲ್ಲಿ ‘11 ದಿನ ಉಳಿದಿವೆ’ ಎಂದು ತೋರಿಸುತ್ತಿದೆ. ಬಾಗಿಲಿಗೆ ಬೀಗ ಹಾಕಿ ಒಳಗಿದ್ದವರಿಗೆ ತಡವಾಯಿತೆಂದು ಗದರಿದಂತೆ ಇದೆ ಈ ವ್ಯವಸ್ಥೆ. ನಾವು ಬರೆದ ಮೂರು ಇಮೇಲ್‌ಗಳಿಗೆ ಮೂರು ಬೇರೆ ಬೇರೆ ದೂರು ಸಂಖ್ಯೆಗಳು ಬಂದಿವೆಯೇ ಹೊರತು ಉತ್ತರ ಬಂದಿಲ್ಲ. ಇತ್ತ ಶಿವಕಾಶಿಯ ಮುದ್ರಕರು, ಹೊಸ ವರ್ಷದ ಕ್ಯಾಲೆಂಡರ್ ಕೆಲಸ ಶುರುವಾದರೆ 500 ಪೆಟ್ಟಿಗೆಯಂಥ ಸಣ್ಣ ಕೆಲಸವನ್ನು ಮುಟ್ಟಲಾಗುವುದಿಲ್ಲವೆಂದು ಈಗಾಗಲೇ ಎರಡು ಸಲ ಎಚ್ಚರಿಸಿದ್ದಾರೆ. ಹಣ ಕೊಟ್ಟವರಲ್ಲಿ ಕೆಲವರು, ‘ಏನಪ್ಪಾ, ಪೊಲೀಸ್ ಕೇಸೇ?’ ಎಂದು ಫೋನ್ ಮಾಡಿ ಕೇಳುವಂತಾಗಿರುವುದು ನಮಗಾದ ಬೇರೆಯೇ ಅವಮಾನ.

ಆದ್ದರಿಂದ ಪುಟವನ್ನು ಕೂಡಲೇ ಮೊದಲಿನಂತೆ ತೆರೆದು, ತಡೆಯಲ್ಲಿ ಕಳೆದುಹೋದ ಅಷ್ಟೂ ದಿನಗಳನ್ನು ಅವಧಿಗೆ ಸೇರಿಸಿಕೊಡಬೇಕು. ಯಾವ ಪದ ಅಥವಾ ಚಿತ್ರದ ಆಧಾರದ ಮೇಲೆ ಇದನ್ನು ಜೂಜೆಂದು ನಿರ್ಧರಿಸಲಾಯಿತೆಂದು ಬರವಣಿಗೆಯಲ್ಲಿ ತಿಳಿಸಬೇಕು. ತಡೆಗೆ ನಾವು ಕಾರಣರಲ್ಲವೆಂದು ಆ 231 ಮಂದಿಗೂ ತಮ್ಮ ಸಂಸ್ಥೆಯಿಂದಲೇ ಸಂದೇಶ ಹೋಗಬೇಕು. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಗ್ರಾಹಕರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ನಮ್ಮ ಬಳಿ ಒಂದು ತಿಂಗಳಿಲ್ಲ. ಐದು ದಿನಗಳೊಳಗೆ ಉತ್ತರ ಬಾರದಿದ್ದರೆ, ಹಣ ಕೊಟ್ಟವರೊಂದಿಗೆ ಸೇರಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ.

ಕೈಯಲ್ಲಿ ಕತ್ತರಿಸಿ ಮಾಡಿದ ಒಂದು ಮಾದರಿ ಕಟ್ಟನ್ನು ನಿಯಮಪುಸ್ತಕದ ಸಹಿತ ಸ್ಪೀಡ್ ಪೋಸ್ಟಿನಲ್ಲಿ ತಮ್ಮ ಕಚೇರಿಗೆ ಕಳುಹಿಸಿದ್ದೇವೆ. ಪರಿಶೀಲನಾ ವಿಭಾಗದ ಇಬ್ಬರು ಹದಿನೈದು ನಿಮಿಷ ಕೂತು ಒಂದು ಆಟ ಆಡಿ, ಆಮೇಲೆ ತೀರ್ಮಾನಿಸಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
‘ಹಪ್ಪಳ–ಕಾಗೆ’ ಆಟವನ್ನು ರೂಪಿಸಿದ ಅಣ್ಣ-ತಂಗಿ